ಕೀಲಿಕೈ ಯಾರ ಸೆರಗಿನಲ್ಲಿರಬೇಕು

(ಧಾರವಾಡದಲ್ಲಿ ಸ್ವಯಂಸೇವಾ ಸಂಸ್ಥೆಗಳ ಯುವ ಕಾರ್ಯಕರ್ತರ ಮುಂದೆ ಆಡಿದ ಮಾತುಗಳ ಬರಹ ರೂಪ. ಮಾತಿನ ಭರದಲ್ಲಿ ಬಿಟ್ಟುಹೋಗಿದ್ದ ಒಂದೆರಡು ವಿವರಗಳನ್ನು ಬರೆಯುವಾಗ ಸೇರಿಸಿದ್ದೇನೆ.)

ಸಂಸ್ಥೆಯನ್ನು ಸಮರ್ಥವಾಗಿ ನಡೆಸುವುದು ಹೇಗೆ, ಅದರ ಕೆಲಸ ಊರಿನಲ್ಲಿ ಬಹುಕಾಲ ಉಳಿಯುವಂತೆ ಮಾಡುವುದು ಹೇಗೆ ಎಂದು ಮಾತನಾಡಲು ನನ್ನನ್ನು ಕರೆದಿದ್ದೀರಿ. ಶಿಗ್ಗಾವಿ ಮತ್ತು ಕುಂದಗೋಳ ತಾಲ್ಲೂಕುಗಳ ಹಳ್ಳಿಗಳಲ್ಲಿ ಕೆಲಸ ಮಾಡುವ ಒಂದು ಸಣ್ಣ ಸಂಸ್ಥೆಗೆ ನಾನು ಇಪ್ಪತ್ತಾರು ವರ್ಷ ಕಾರ್ಯದರ್ಶಿಯಾಗಿದ್ದೆ. ನನ್ನ ಹತ್ತಿರ ಇರುವುದು ಆ ವರ್ಷಗಳ ಅನುಭವ, ಅದರಲ್ಲಿಯೂ ಹೆಚ್ಚಿನ ಪಾಲು ತಡವಾಗಿ ತಿಳಿದದ್ದು. ಅದನ್ನೇ ಹೇಳುತ್ತೇನೆ.

ಮೊದಲಿಗೆ ಒಂದು ತಗಡಿನ ಪೆಟ್ಟಿಗೆಯ ಸಂಗತಿ. 1997ರಲ್ಲಿ ಹಾವೇರಿಯೂ ಗದಗವೂ ಧಾರವಾಡದಿಂದ ಬೇರೆಯಾಗಿ ಜಿಲ್ಲೆಗಳಾದವಲ್ಲ, ಅದರ ಹಿಂದಿನ ವರ್ಷವಿರಬೇಕು. ಶಿಗ್ಗಾವಿ ಕಡೆಯ ಒಂದು ಹಳ್ಳಿಯಲ್ಲಿ ನಾವು ಕಟ್ಟಿದ್ದ ಹೆಣ್ಣುಮಕ್ಕಳ ಉಳಿತಾಯ ಗುಂಪನ್ನು ತೋರಿಸಲು ಬ್ಯಾಂಕಿನ ಅಧಿಕಾರಿಯೊಬ್ಬರನ್ನು ಕರೆದುಕೊಂಡು ಹೋಗಿದ್ದೆ. ಗುಂಪಿನ ಪೆಟ್ಟಿಗೆ ಒಬ್ಬಳ ಮನೆಯಲ್ಲಿ, ಅದರ ಕೀಲಿಕೈ ಇನ್ನೊಬ್ಬಳ ಸೆರಗಿನ ಗಂಟಿನಲ್ಲಿ, ಠರಾವು ಪುಸ್ತಕ ಮೂರನೆಯವಳ ದೇವರ ಜಗಲಿಯ ಮೇಲೆ ಇರಬೇಕೆಂಬುದು ಅವರೇ ಮಾಡಿಕೊಂಡಿದ್ದ ಕಟ್ಟಳೆ. ಆ ದಿನ ಕೀಲಿಕೈಯವಳು ತವರೂರಿನ ಜಾತ್ರೆಗೆ ಹೋಗಿದ್ದಳು. ಸಾಹೇಬರು ಪೆಟ್ಟಿಗೆ ತೆಗೆಸಿ ರೊಕ್ಕ ಎಣಿಸಿ ನೋಡಬೇಕೆಂದರು. ನನಗೆ ಮುಜುಗರವಾಯಿತು. ಕಲ್ಲಿನಿಂದ ಕೀಲಿ ಒಡೆಯೋಣ, ಸಂಜೆಯೊಳಗೆ ಹೊಸ ಕೀಲಿ ನಾನೇ ತಂದುಕೊಡುತ್ತೇನೆ ಎಂದೆ. ಪೆಟ್ಟಿಗೆ ಕಾಯುತ್ತಿದ್ದ ಮುದುಕಿ ಅದರ ಮುಚ್ಚಳದ ಮೇಲೆ ಅಂಗೈಯಿಟ್ಟು, “ಸಾಹೇಬ್ರು ಬಂದಾರಂತ ಇವತ್ತ ಒಡದ್ರ, ನಾಳೆ ನೀವ ಒಬ್ಬರ ಬಂದ್ರೂ ಒಡೀಬೇಕಾಗತೈತ್ರಿ. ಬ್ಯಾಡ” ಎಂದಳು. ಅಧಿಕಾರಿ ನಕ್ಕು, ಮುಂದಿನ ವಾರ ಮತ್ತೆ ಬಂದರು. ಆ ಗುಂಪಿಗೆ ಸಾಲ ಮಂಜೂರಾಯಿತು.

ಹೀಗೆ ಮೂರು ಮನೆಗಳಿಗೆ ನಂಬಿಕೆಯನ್ನು ಹಂಚಿಟ್ಟಿದ್ದ ಅಕ್ಷರ ಬಾರದ ಹೆಣ್ಣುಮಕ್ಕಳ ಎದುರು ನಮ್ಮ ಸಂಸ್ಥೆಯ ಸ್ಥಿತಿ ಹೇಗಿತ್ತು? ಚೆಕ್ ಪುಸ್ತಕ ನನ್ನ ಬಗಲ ಚೀಲದಲ್ಲಿರುತ್ತಿತ್ತು. ಕಚೇರಿಯ ಕಪಾಟಿನ ಕೀಲಿಕೈ ನನ್ನ ಜೇಬಿನಲ್ಲಿ. ಯಾವ ಹಳ್ಳಿಯಲ್ಲಿ ಯಾರಿಗೆ ಏನು ಮಾತು ಕೊಟ್ಟಿದ್ದೇವೆ ಎಂಬುದು ನನ್ನ ತಲೆಯಲ್ಲಿ ಮಾತ್ರ. ಮುಂದೆ ಒಂದು ಮಳೆಗಾಲದಲ್ಲಿ ಕಾಮಾಲೆಯಾಗಿ ಆರು ವಾರ ಹಾಸಿಗೆ ಹಿಡಿದೆ. ಆ ಆರು ವಾರ ಸಂಸ್ಥೆಯೂ ನನ್ನ ಜೊತೆ ಮಲಗಿತು. ಸಹಿ ಇಲ್ಲದೆ ಸಂಬಳ ನಿಂತಿತು. ಬಿತ್ತನೆಗೆ ಕೊಡಬೇಕಾಗಿದ್ದ ಬೀಜ ಗೋದಾಮಿನಲ್ಲಿಯೇ ಉಳಿದು ಹದ ಹೋಯಿತು. ಒಬ್ಬ ಕಾರ್ಯಕರ್ತ ಹೆಂಡತಿಯ ಬೆಂಡೋಲೆ ಒತ್ತೆಯಿಟ್ಟು ಮನೆ ನಡೆಸಿದ್ದನೆಂಬುದು ನನಗೆ ಗೊತ್ತಾದದ್ದು ಒಂದು ವರ್ಷದ ಮೇಲೆ. ನಾಚಿಕೆಗೇಡಿನ ಸಂಗತಿಯೆಂದರೆ, ಎದ್ದು ಓಡಾಡತೊಡಗಿದಾಗ ಜನ “ನೀವಿಲ್ಲದೆ ಏನೂ ನಡೆಯುವುದಿಲ್ಲ” ಎಂದದ್ದನ್ನು ನಾನು ಹೊಗಳಿಕೆಯೆಂದೇ ತಿಳಿದು ಸಂತೋಷಪಟ್ಟೆ.

ನನ್ನ ಮಾತೆಲ್ಲ ಈ ಪೆಟ್ಟಿಗೆ ಮತ್ತು ಈ ಬಗಲ ಚೀಲದ ನಡುವೆಯೇ ಓಡಾಡುತ್ತದೆ. ಸೇವಾಸಂಸ್ಥೆಯ ಮುಖಂಡನಿಗೆ ಧೈರ್ಯ, ಕನಸು, ಮಾತುಗಾರಿಕೆ ಎಲ್ಲವೂ ಬೇಕು, ಒಪ್ಪುತ್ತೇನೆ. ಆದರೆ ಅವನ ನಿತ್ಯದ ಕೆಲಸ ಯಾವುದು ಎಂದು ಕೇಳಿದರೆ, ತನ್ನ ಕೈಯಲ್ಲಿರುವ ಕೀಲಿಕೈಗಳನ್ನು ತಾನು ಗಟ್ಟಿಮುಟ್ಟಾಗಿರುವಾಗಲೇ ಒಂದೊಂದಾಗಿ ಬೇರೆಯವರ ಕೈಗೆ ದಾಟಿಸುವುದು, ದಾಟಿಸಿದ ಮೇಲೆ ತಿರುಗಿ ಕೇಳದಿರುವುದು.

ಇದು ನಮ್ಮ ನೆಲಕ್ಕೆ ಹೊಸದೇನೂ ಅಲ್ಲ. ನಾವು ಕುಳಿತಿರುವ ಈ ಊರಿನಲ್ಲಿ ರಾ.ಹ. ದೇಶಪಾಂಡೆಯವರು 1890ರಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘವನ್ನು ಕಟ್ಟಿದರು. ಮರಾಠಿಯೇ ಶಾಲೆ, ಕಚೇರಿಗಳಲ್ಲಿ ಮೆರೆಯುತ್ತಿದ್ದ ಕಾಲದಲ್ಲಿ ಕನ್ನಡ ಪುಸ್ತಕಗಳನ್ನು ಬರೆಸಬೇಕು, ಅಚ್ಚು ಹಾಕಿಸಬೇಕು, ಬರೆದವರಿಗೆ ನೆರವಾಗಬೇಕು ಎಂಬುದು ಆ ಸಂಘದ ಗುರಿ. “ಸಿರಿಗನ್ನಡಂ ಗೆಲ್ಗೆ” ಎಂಬ ಘೋಷವನ್ನು ಕೊಟ್ಟವರೂ ಅವರೇ. 1896ರಲ್ಲಿ ಸಂಘ ‘ವಾಗ್ಭೂಷಣ’ ಎಂಬ ಪತ್ರಿಕೆಯನ್ನು ಹೊರಡಿಸಿತು. ಹತ್ತು ವರ್ಷಗಳ ನಂತರ ಆ ಪತ್ರಿಕೆಯ ಸಂಪಾದಕತ್ವ ಬಂದದ್ದು ಇನ್ನೂ ಮೂವತ್ತು ದಾಟದ ಆಲೂರು ವೆಂಕಟರಾಯರ ಕೈಗೆ. ಅವರ ಓಡಾಟದಿಂದಲೇ 1907ರಲ್ಲಿ ಧಾರವಾಡದಲ್ಲಿ ಕನ್ನಡ ಗ್ರಂಥಕರ್ತರು ಒಂದೆಡೆ ಸೇರಿದರು. ಕರ್ನಾಟಕ ಏಕೀಕರಣದ ಮಾತು ಮುಂದೆ ಬೆಳೆದದ್ದೂ ಈ ಬಗೆಯ ಕೂಟಗಳಿಂದಲೇ. ಪುಸ್ತಕಕ್ಕೆಂದು ಹುಟ್ಟಿದ ಸಂಘದಲ್ಲಿ ಒಬ್ಬ ತರುಣ ಬಂದು ನಾಡು ಒಂದಾಗಬೇಕೆಂದು ಮಾತನಾಡತೊಡಗಿದಾಗ ಹಿರಿಯರು ಅವನನ್ನು ಹೊರಗೆ ಹಾಕಲಿಲ್ಲ. ಇವತ್ತಿನ ನಮ್ಮ ಸಂಸ್ಥೆಗಳಲ್ಲಿ ಇಪ್ಪತ್ತಾರು ವರ್ಷದವನ ಕೈಗೆ ನಾವು ಏನನ್ನು ಕೊಡುತ್ತೇವೆ? ಹಾಜರಿ ಪಟ್ಟಿ ಮತ್ತು ಕ್ಯಾಮೆರಾ.

ಗದಗದ ಹತ್ತಿರದ ಕಣಗಿನಹಾಳಕ್ಕೆ ನಿಮ್ಮಲ್ಲಿ ಕೆಲವರು ಹೋಗಿರಬಹುದು. 1904ರಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾಯ್ದೆ ಬಂದ ಮರುವರ್ಷವೇ ಸಿದ್ದನಗೌಡ ಪಾಟೀಲರು ಅಲ್ಲಿ ಕೃಷಿ ಪತ್ತಿನ ಸಂಘವನ್ನು ನೋಂದಾಯಿಸಿದರು. ಏಷ್ಯಾದಲ್ಲಿಯೇ ಮೊದಲನೆಯದೆಂದು ನಾವು ಹೆಮ್ಮೆಯಿಂದ ಹೇಳಿಕೊಳ್ಳುವ ಸಂಘ ಅದು. ಸಹಕಾರಿ ಸಂಘಕ್ಕೂ ನಮ್ಮಂಥ ಸೇವಾಸಂಸ್ಥೆಗೂ ಕಾನೂನಿನಲ್ಲಿ ವ್ಯತ್ಯಾಸವಿದೆ, ಅದನ್ನು ಬಲ್ಲೆ. ಆದರೂ ಈ ಉದಾಹರಣೆ ಬೇಕೆನಿಸುವುದು ಒಂದು ಕಾರಣಕ್ಕೆ: ಅಲ್ಲಿ ಊರಿನವರು ಫಲಾನುಭವಿಗಳಾಗಿರಲಿಲ್ಲ, ಸದಸ್ಯರಾಗಿದ್ದರು. ಸಾವುಕಾರನ ಬಡ್ಡಿಯಿಂದ ಬಿಡಿಸಿಕೊಳ್ಳಲು ತಮ್ಮದೇ ಪಾಲಿನ ರೊಕ್ಕ ಹಾಕಿದ್ದವರು. ರೊಕ್ಕ ಹಾಕಿದವನು ಲೆಕ್ಕ ಕೇಳುತ್ತಾನೆ. ‘ಫಲಾನುಭವಿ’ ಎಂಬ ಪದ ನಮ್ಮ ವರದಿಗಳಿಗೆ ಎಲ್ಲಿಂದ ಬಂದು ಸೇರಿತೋ, ಅದು ಬಂದ ಮೇಲೆ ನಮಗೆ ಲೆಕ್ಕ ಕೇಳುವವರು ಹಳ್ಳಿಯಲ್ಲಿ ಉಳಿಯಲಿಲ್ಲ, ಬೆಂಗಳೂರಿನಲ್ಲಿಯೋ ಮುಂಬಯಿಯಲ್ಲಿಯೋ ಕುಳಿತರು.

ಗದಗದ ವೀರೇಶ್ವರ ಪುಣ್ಯಾಶ್ರಮವನ್ನು ಸಂಸ್ಥೆ ನಡೆಸುವವರ ಕಣ್ಣಿನಿಂದ ನೋಡಿರುವವರು ಕಡಿಮೆ. ಹಾನಗಲ್ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ ಹುಟ್ಟಿದ ಪಂಚಾಕ್ಷರಿ ಗವಾಯಿಗಳು ಸ್ವತಃ ಅಂಧರು. ಅಂಧ ಮಕ್ಕಳಿಗೆ ಸಂಗೀತ ಕಲಿಸುತ್ತ, ಅವರ ಅನ್ನಕ್ಕಾಗಿ ನಾಟಕ ಕಂಪನಿ ಕಟ್ಟಿಕೊಂಡು ಊರೂರು ತಿರುಗಿದರು. 1944ರಲ್ಲಿ ಅವರು ತೀರಿಕೊಂಡಾಗ ಹೊಣೆ ಹೊತ್ತವರು ಪುಟ್ಟರಾಜ ಗವಾಯಿಗಳು, ಅವರೂ ಅಂಧರು, ಆಗ ಮೂವತ್ತರ ವಯಸ್ಸು. 2010ರಲ್ಲಿ ಲಿಂಗೈಕ್ಯರಾಗುವವರೆಗೆ ಅರವತ್ತಾರು ವರ್ಷ ಅವರು ನಡೆಸಿದರು. ಗುರು ಹೋದ ಮರುದಿನ ಎಲ್ಲವನ್ನೂ ಮೊದಲಿನಿಂದ ಕಲಿಯಬೇಕಾದ ಸ್ಥಿತಿ ಶಿಷ್ಯನಿಗೆ ಇರಲಿಲ್ಲ. ಹಾಡಿನ ಜೊತೆಗೇ ಕಂಪನಿಯನ್ನೂ ಆಶ್ರಮದ ಒಲೆಯನ್ನೂ ಗುರುವಿನ ಬದುಕಿನ ಕಾಲದಲ್ಲಿಯೇ ಕಂಡವರು ಅವರು. ಹಣದ ಮಾತಿಗೆ ಬಂದರೆ, ಒಬ್ಬ ದೊಡ್ಡ ದಾನಿಯನ್ನು ನೆಚ್ಚಿ ಅದು ಬದುಕಲಿಲ್ಲ. ಊರೂರಿನಲ್ಲಿ ನಡೆದ ತುಲಾಭಾರ, ಭಕ್ತರು ತಂದು ಸುರಿದ ಜೋಳದ ಚೀಲ, ಹಾರ್ಮೋನಿಯಂ ಕಲಿತು ಹೋದ ಹಳೆಯ ವಿದ್ಯಾರ್ಥಿಯ ಮನಿಯಾರ್ಡರು, ಇವು ಸಣ್ಣ ಸಣ್ಣ ಹೊಳೆಗಳು. ಒಂದು ಬತ್ತಿದರೆ ಇನ್ನೊಂದು ಹರಿಯುತ್ತದೆ. ಎಲ್ಲ ಸಂಸ್ಥೆಗೂ ಮಠದ ದಾರಿ ಒಗ್ಗುವುದಿಲ್ಲ. ಗುರುವಿನ ಮಾತಿಗೆ ಎದುರಾಡದ ಪದ್ಧತಿಯನ್ನು ನಾವು ಕಾರ್ಯದರ್ಶಿಗಳು ನಮ್ಮ ಅನುಕೂಲಕ್ಕೆ ಎರವಲು ಪಡೆದು ಸಂಸ್ಥೆಗಳನ್ನು ಕೆಡಿಸಿದ್ದನ್ನೂ ಕಂಡಿದ್ದೇನೆ.

ಎದುರಾಡುವವರು ಎಂದ ಕೂಡಲೇ ಆಡಳಿತ ಮಂಡಳಿಯ ಮಾತು ಬರುತ್ತದೆ. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರದು. ಸಂಘ ಕಟ್ಟಲು ಕನಿಷ್ಠ ಏಳು ಜನ ಬೇಕೆನ್ನುತ್ತದೆ. ಆ ಏಳು ಜನ ಯಾರು? ನಾನು, ನನ್ನ ಹೆಂಡತಿ, ತಮ್ಮ, ಷಡ್ಡಕ, ಕಾಲೇಜಿನ ಇಬ್ಬರು ಗೆಳೆಯರು, ಮತ್ತು ಊರಲ್ಲಿ ಮರ್ಯಾದಸ್ಥರೆನಿಸಿಕೊಂಡು ಎಂದೂ ಸಭೆಗೆ ಬಾರದ ಒಬ್ಬ ಹಿರಿಯರು. ನಮ್ಮ ಸಂಸ್ಥೆ ಹುಟ್ಟಿದ್ದು ಸರಿಸುಮಾರು ಹೀಗೆಯೇ. ವಾರ್ಷಿಕ ಸಭೆಯ ಠರಾವನ್ನು ನಾನು ಮೊದಲೇ ಬರೆದಿಟ್ಟುಕೊಂಡು ಮನೆಮನೆಗೆ ಹೋಗಿ ಸಹಿ ಮಾಡಿಸಿಕೊಂಡು ಬರುತ್ತಿದ್ದೆ, ಚಹಾ ಕುಡಿದು.

ಎಂಟನೆಯ ವರ್ಷಕ್ಕೆ ನಿವೃತ್ತ ಹೆಡ್‌ಮಾಸ್ತರರೊಬ್ಬರು ಮಂಡಳಿಗೆ ಬಂದರು. ಮೊದಲ ಸಭೆಯಲ್ಲಿಯೇ ಖರ್ಚಿನ ಚೀಟಿಗಳ ಕಟ್ಟನ್ನು ತರಿಸಿ, ಕನ್ನಡಕ ಒರೆಸಿಕೊಂಡು, ಒಂದೊಂದನ್ನೇ ಮಗುಚತೊಡಗಿದರು. ಒಂದು ಡೀಸೆಲ್ ಚೀಟಿಯಲ್ಲಿ ನಿಂತರು. “ಇದು ಭಾನುವಾರದ್ದು. ಭಾನುವಾರ ಜೀಪು ಎಲ್ಲಿಗೆ ಹೋಗಿತ್ತು?” ಜೀಪು ನನ್ನ ತಂಗಿಯ ಮನೆಯ ಸೀಮಂತಕ್ಕೆ ಹೋಗಿತ್ತು. ನಾನು ಸಿಟ್ಟಾದೆ, ಇಷ್ಟು ವರ್ಷ ದುಡಿದವನನ್ನು ಒಂದು ಚೀಟಿಗಾಗಿ ಕೇಳುವುದೇ ಎಂದು ಎದ್ದು ಹೊರಗೆ ಹೋದೆ. ಮರಳಿ ಬರುವಷ್ಟರಲ್ಲಿ ಅವರು ಅದನ್ನು ಬದಿಗಿಟ್ಟು ಮುಂದಿನ ಚೀಟಿಗೆ ಹೋಗಿದ್ದರು. ಆ ದುಡ್ಡನ್ನು ನಾನು ಕಟ್ಟಿದೆ. ಜೀಪಿಗೆ ಒಂದು ಓಡಾಟದ ಪುಸ್ತಕ ಬಂತು. ಮುಂದೆ ಎಷ್ಟೋ ದಾನಿಗಳ ತಪಾಸಣೆ ಬಂದಿತು, ಹೋಯಿತು. ಆ ಹೆಡ್‌ಮಾಸ್ತರರ ಎದುರು ಪಾಸಾದ ಲೆಕ್ಕ ಯಾರ ಎದುರಿಗೂ ನಪಾಸಾಗಲಿಲ್ಲ. ನಿಮ್ಮ ಮಂಡಳಿಯಲ್ಲಿ ಅಂಥವರು ಒಬ್ಬರಾದರೂ ಇರಲಿ. ಇಬ್ಬರಿದ್ದರೆ ಸಭೆ ಮುಗಿಯುವುದಿಲ್ಲ, ಅದೂ ಸತ್ಯ.

ಈಗ ಹಣ. ಇದರ ಮೇಲೆ ಸ್ವಲ್ಪ ಹೊತ್ತು ನಿಲ್ಲುತ್ತೇನೆ, ಏಕೆಂದರೆ ನಿಮ್ಮಲ್ಲಿ ಬಹಳಷ್ಟು ಜನ ರಾತ್ರಿ ನಿದ್ದೆಗೆಡುವುದು ಇದಕ್ಕಾಗಿಯೇ. 2013ರ ಕಂಪನಿ ಕಾಯ್ದೆಯ 135ನೆಯ ವಿಧಿಯಂತೆ, ನಿವ್ವಳ ಮೌಲ್ಯ 500 ಕೋಟಿ, ಅಥವಾ ವಹಿವಾಟು 1,000 ಕೋಟಿ, ಅಥವಾ ನಿವ್ವಳ ಲಾಭ 5 ಕೋಟಿ ರೂಪಾಯಿ ಮುಟ್ಟಿದ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದಲ್ಲಿ ನೂರಕ್ಕೆ 2ರಷ್ಟನ್ನು ಸಾಮಾಜಿಕ ಕೆಲಸಕ್ಕೆ ಖರ್ಚು ಮಾಡಬೇಕು. ಇದರಿಂದ ನಮ್ಮ ಭಾಗಕ್ಕೂ ಹಣ ಹರಿಯಿತು. ಜೊತೆಗೆ ಒಂದು ತಪ್ಪು ತಿಳಿವಳಿಕೆಯೂ ಹರಿದು ಬಂತು. ಆಡಳಿತ ವೆಚ್ಚ ನೂರಕ್ಕೆ 5ನ್ನು ಮೀರಬಾರದೆಂಬ ನಿಯಮವಿದೆಯಲ್ಲ, ಅದು ಕಂಪನಿಯು ತನ್ನ ಸಾಮಾಜಿಕ ಜವಾಬ್ದಾರಿಯ ವಿಭಾಗವನ್ನು ನಡೆಸಲು ಮಾಡುವ ವೆಚ್ಚಕ್ಕೆ ಹಾಕಿದ ಮಿತಿ. ಒಂದು ನಿರ್ದಿಷ್ಟ ಯೋಜನೆಯನ್ನು ರೂಪಿಸಲು, ನಡೆಸಲು, ಅದರ ಮೇಲೆ ಕಣ್ಣಿಡಲು, ಮೌಲ್ಯಮಾಪನ ಮಾಡಲು ನೇರವಾಗಿ ಆಗುವ ಖರ್ಚು ಆ ಐದರೊಳಗೆ ಬರುವುದಿಲ್ಲ. ಆದರೆ ಒಪ್ಪಂದದ ಮೇಜಿನಲ್ಲಿ ಕುಳಿತಾಗ “ನಿಯಮವೇ ಐದು” ಎಂದು ಹೇಳುತ್ತಾರೆ, ನಾವು ತಲೆದೂಗಿ ಸಹಿ ಹಾಕುತ್ತೇವೆ. ಆಮೇಲೆ ಲೆಕ್ಕಿಗನ ಸಂಬಳವನ್ನು ‘ತರಬೇತಿ ಸಾಮಗ್ರಿ’ ಎಂಬ ಶೀರ್ಷಿಕೆಯೊಳಗೆ ತುರುಕುತ್ತೇವೆ. ಪ್ರಾಮಾಣಿಕ ಕೆಲಸ ಮಾಡುವವರು ಸುಳ್ಳು ಲೆಕ್ಕ ಬರೆಯಲು ಕಲಿಯುವುದು ಹೀಗೆ. ನಿಯಮದ ಪಠ್ಯವನ್ನು ಓದಿಕೊಂಡು ಹೋಗಿ. ಲೆಕ್ಕ ಬರೆಯುವವನಿಗೆ, ಹಳ್ಳಿ ಸುತ್ತುವವನಿಗೆ, ಛಾವಣಿಗೆ, ಕರೆಂಟಿಗೆ ಎಷ್ಟು ಬೇಕೆಂದು ಬಿಡಿಸಿ ಕೇಳಿ. ಇಲ್ಲವೆಂದರೆ ಆ ಯೋಜನೆಯನ್ನು ಬಿಟ್ಟುಬಿಡುವ ಧೈರ್ಯವನ್ನೂ ಇಟ್ಟುಕೊಳ್ಳಿ.

ವಿದೇಶಿ ದೇಣಿಗೆಯ ಕಾಯ್ದೆಯಲ್ಲಿ ಮಿತಿ ಬೇರೆ. 2020ರ ತಿದ್ದುಪಡಿಯಲ್ಲಿ ಆಡಳಿತ ವೆಚ್ಚದ ಮಿತಿಯನ್ನು ನೂರಕ್ಕೆ 50ರಿಂದ 20ಕ್ಕೆ ಇಳಿಸಿದರು, ಬಂದ ದೇಣಿಗೆಯನ್ನು ಇನ್ನೊಂದು ಸಂಸ್ಥೆಗೆ ವರ್ಗಾಯಿಸುವುದನ್ನು ನಿಷೇಧಿಸಿದರು. ದೊಡ್ಡ ಸಂಸ್ಥೆಗಳ ಮೂಲಕ ಹಣ ಪಡೆಯುತ್ತಿದ್ದ ಸಣ್ಣವರಿಗೆ ಒಂದೇ ಏಟಿಗೆ ಬಾಗಿಲು ಮುಚ್ಚಿತು. ಆದಾಯ ತೆರಿಗೆಯ ನೋಂದಣಿಗಳನ್ನೂ ಈಗ ಕಾಲಕಾಲಕ್ಕೆ ನವೀಕರಿಸಿಕೊಳ್ಳಬೇಕು. ಈ ದಿನಾಂಕಗಳನ್ನು ಗೋಡೆಯ ಮೇಲೆ ಬರೆದಿಡಿ. ಕಾರ್ಯದರ್ಶಿಯ ನೆನಪಿಗೆ ಬಿಡಬೇಡಿ.

ಒಂದೇ ಮೂಲವನ್ನು ನೆಚ್ಚಿದರೆ ಏನಾಗುತ್ತದೆ ಎಂಬುದಕ್ಕೆ ಹುಬ್ಬಳ್ಳಿಯ ಬೆಂಗೇರಿಗಿಂತ ಕಣ್ಣಿಗೆ ಕಟ್ಟುವ ಉದಾಹರಣೆ ಇಲ್ಲ. ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ ಹುಟ್ಟಿದ್ದು 1957ರ ನವೆಂಬರ್ 1ರಂದು. ಸರಕಿನ ಗುಣಮಟ್ಟ ಗೊತ್ತುಮಾಡುವ ಭಾರತೀಯ ಮಾನಕ ಸಂಸ್ಥೆಯ ಪ್ರಮಾಣಪತ್ರ ಪಡೆದು ರಾಷ್ಟ್ರಧ್ವಜ ತಯಾರಿಸುವ ಕೇಂದ್ರವೆಂದು ದೇಶಕ್ಕೆಲ್ಲ ಗೊತ್ತಾದ ಸಂಸ್ಥೆ ಅದು. ನೂಲುವವರು, ನೇಯುವವರು, ಹೊಲಿಯುವವರು ಬಹುಪಾಲು ಹೆಣ್ಣುಮಕ್ಕಳು. ನಮ್ಮ ಧಾರವಾಡ ತಾಲ್ಲೂಕಿನ ಗರಗದಲ್ಲಿ ಧ್ವಜದ ಬಟ್ಟೆ ನೇಯುವವರಿಗೂ ಇದೇ ಬದುಕು. 2021ರ ಡಿಸೆಂಬರ್ 30ರಂದು ಧ್ವಜ ಸಂಹಿತೆಗೆ ತಿದ್ದುಪಡಿ ಬಂದು, ಯಂತ್ರದಲ್ಲಿ ತಯಾರಾದ ಮತ್ತು ಪಾಲಿಯೆಸ್ಟರಿನ ಧ್ವಜಗಳಿಗೂ ಅನುಮತಿ ಸಿಕ್ಕಿತು. ಇಲ್ಲಿ ಯಾರ ನೂಲೂ ಕಳಪೆಯಾಗಲಿಲ್ಲ, ಯಾರ ಹೊಲಿಗೆಯೂ ಓರೆಯಾಗಲಿಲ್ಲ. ದಿಲ್ಲಿಯಲ್ಲಿ ಒಂದು ಸಾಲು ಬದಲಾಯಿತು, ಬೆಂಗೇರಿಯ ರಾಟೆಗಳ ಮೇಲೆ ಅದರ ಭಾರ ಬಿತ್ತು. ಆ ತಿದ್ದುಪಡಿ ತಪ್ಪೆಂದೇ ನನ್ನ ಅಭಿಪ್ರಾಯ, ಅದನ್ನು ಮುಚ್ಚಿಡುವುದಿಲ್ಲ. ಆದರೆ ನಾವು ಕೇಳಿಕೊಳ್ಳಬೇಕಾದ ಪ್ರಶ್ನೆ ಬೇರೆ: ನಮ್ಮ ಸಂಸ್ಥೆಯ ಯಾವ ಒಂದು ಸಾಲು ಬೇರೆಯವರ ಕೈಯಲ್ಲಿದೆ, ಅದನ್ನು ಅವರು ಅಳಿಸಿದ ಮರುದಿನ ನಮ್ಮ ಒಲೆ ಉರಿಯುತ್ತದೆಯೇ?

ನಮ್ಮ ಒಲೆ ಒಮ್ಮೆ ಆರಿತ್ತು. ಮೂರು ವರ್ಷದ ಯೋಜನೆಯೊಂದಕ್ಕೆ ಹಣ ಕೊಡುತ್ತಿದ್ದ ಕಂಪನಿಯೊಂದು ಎರಡನೆಯ ವರ್ಷದ ಕೊನೆಗೆ “ನಮ್ಮ ಆದ್ಯತೆ ಬದಲಾಗಿದೆ” ಎಂದು ನಾಲ್ಕು ಸಾಲಿನ ಪತ್ರ ಬರೆಯಿತು. ಹನ್ನೊಂದು ಜನರನ್ನು ಮನೆಗೆ ಕಳಿಸಿದೆವು. ಅವರನ್ನು ಬೈದು ಪ್ರಯೋಜನವಿಲ್ಲ, ಅವರ ಹಣ ಅವರದು. ಆ ಎರಡು ವರ್ಷದಲ್ಲಿ ಹಳ್ಳಿಯವರಿಂದ ಒಂದು ರೂಪಾಯಿಯ ವಂತಿಗೆಯನ್ನೂ ನಾವು ಕೇಳಿರಲಿಲ್ಲ. ಕೇಳಿದರೆ ಕೊಡುತ್ತಿದ್ದರೆಂದು ಯೋಜನೆ ನಿಂತ ಮೇಲೆ ಗೊತ್ತಾಯಿತು: ಎರಡು ಊರಿನವರು ತಾವೇ ಪಟ್ಟಿ ಎತ್ತಿ ಬಾಲವಾಡಿಯ ಅಕ್ಕೋರನ್ನು, ಅಂದರೆ ಶಿಕ್ಷಕಿಯನ್ನು, ಉಳಿಸಿಕೊಂಡರು. ಉಳಿದ ಊರುಗಳಲ್ಲಿ ಅದು ಮುಚ್ಚಿತು. ಆ ಎರಡು ಊರಿನಲ್ಲಿ ಏನು ಬೇರೆಯಿತ್ತು ಎಂದು ಹುಡುಕಿದಾಗ ಕಂಡದ್ದು ಇಷ್ಟೇ. ಅಲ್ಲಿ ಅಕ್ಕೋರನ್ನು ಆರಿಸಿದ್ದು ಊರಿನ ಸಭೆ. ಉಳಿದೆಡೆ ಆರಿಸಿದ್ದು ನಾನು.

ಪರಿಣಾಮವನ್ನು ಅಳೆಯುವುದು ಹೇಗೆ ಎಂದು ಇವತ್ತು ಬೆಳಗಿನಿಂದ ಬಹಳ ಚರ್ಚೆಯಾಗಿದೆ. ವರ್ಷಕ್ಕೆ 10 ಕೋಟಿ ರೂಪಾಯಿ ಅಥವಾ ಹೆಚ್ಚು ಸಾಮಾಜಿಕ ಜವಾಬ್ದಾರಿಯ ಹೊಣೆ ಇರುವ ಕಂಪನಿಗಳು ಮಾತ್ರ, ಅದೂ 1 ಕೋಟಿ ಅಥವಾ ಅದಕ್ಕೆ ಮೇಲ್ಪಟ್ಟ ಯೋಜನೆಗಳಿಗೆ, ಹೊರಗಿನವರಿಂದ ಪರಿಣಾಮದ ಅಧ್ಯಯನ ಮಾಡಿಸಲೇಬೇಕು. ನಮ್ಮಂಥ ಸಣ್ಣವರಿಗೆ ಆ ಕಟ್ಟುಪಾಡು ಅಪರೂಪ. ಹಾಗೆಂದು ಬಿಡುವಂತಿಲ್ಲ. ಅಳತೆಯ ಬಗ್ಗೆ ನನಗೆ ಬುದ್ಧಿ ಕಲಿಸಿದ್ದು ಕೃಷಿಹೊಂಡಗಳು.

ಕುಂದಗೋಳದ ಕಡೆಯ ಎರಿ ಹೊಲ ನಿಮಗೆ ಗೊತ್ತು. ಕರಿ ಮಣ್ಣು ನೀರು ಹಿಡಿದರೆ ಬಿಡುವುದಿಲ್ಲ, ಹೊಂಡಕ್ಕೆ ಪ್ಲಾಸ್ಟಿಕ್ ಹಾಸುವ ಅಗತ್ಯವೂ ಅಷ್ಟಿಲ್ಲ. ನಾವು ಅಲ್ಲಿ ಹೊಂಡಗಳನ್ನು ತೋಡಿಸಿದೆವು, ಎಣಿಸಿದೆವು, ಪ್ರತಿಯೊಂದರ ಮುಂದೆ ರೈತನನ್ನು ನಿಲ್ಲಿಸಿ ಫೋಟೊ ತೆಗೆದೆವು, ವರದಿ ಕಳಿಸಿದೆವು. ಆರು ವರ್ಷ ಕಳೆದ ಮೇಲೆ ಒಂದು ಬೇಸಿಗೆಯಲ್ಲಿ, ಯಾವ ದಾನಿಯೂ ಕೇಳದಿದ್ದಾಗ, ಹಳೆಯ ಪಟ್ಟಿ ಹಿಡಿದುಕೊಂಡು ಹೊಲದಿಂದ ಹೊಲಕ್ಕೆ ತಿರುಗಿದೆ. ರಸ್ತೆಯ ಬದಿಯ ಹೊಂಡಗಳಲ್ಲಿ ಹೂಳು ಏರಿ ಜಾಲಿ ಬೆಳೆದಿತ್ತು. ಒಂದರಲ್ಲಿ ಕಡಲೆ ಹೊಟ್ಟು ತುಂಬಿಸಿಟ್ಟಿದ್ದರು. ಇನ್ನೊಂದನ್ನು ಮುಚ್ಚಿ ಸಮ ಮಾಡಿ ಹತ್ತಿ ಬಿತ್ತಿದ್ದರು, “ಹೊಂಡ ಎಲ್ಲೈತಿ?” ಎಂದರೆ ರೈತ ನನ್ನ ಕಾಲ ಕೆಳಗೆ ತೋರಿಸಿದ. ಒಳಗಿನ ಹೊಲಗಳಿಗೆ, ಜೀಪು ಹೋಗದ ಬದುವಿನ ಮೇಲೆ ನಡೆದುಹೋದಾಗ ಬೇರೆ ದೃಶ್ಯ. ಅಲ್ಲಿನ ಹೊಂಡಗಳಲ್ಲಿ ಮೊಣಕಾಲುದ್ದ ನೀರು ಇನ್ನೂ ಇತ್ತು. ಒಬ್ಬ ಹೆಣ್ಣುಮಗಳು ನೀರು ಬಂದು ಬೀಳುವ ಬಾಯಿಯಲ್ಲಿ ಕಲ್ಲು ಜೋಡಿಸಿ ಹೂಳು ತಡೆಯುವ ಗುಂಡಿ ಮಾಡಿಕೊಂಡಿದ್ದಳು, ಪ್ರತಿ ವರ್ಷ ಅಕ್ಷಯ ತೃತೀಯದೊಳಗೆ ಅದನ್ನು ಬಳಿದು ಆ ಮಣ್ಣನ್ನು ಮೆಣಸಿನ ಸಸಿಯ ಮಡಿಗೆ ಹಾಕುತ್ತಿದ್ದಳು. ಈ ಗುಂಡಿ ನಮ್ಮ ನಕ್ಷೆಯಲ್ಲಿ ಇರಲಿಲ್ಲ.

ಸತ್ತ ಹೊಂಡಕ್ಕೂ ಬದುಕಿದ ಹೊಂಡಕ್ಕೂ ವ್ಯತ್ಯಾಸ ಎಲ್ಲಿಂದ ಬಂತು? ರಸ್ತೆ ಬದಿಯ ಹೊಂಡಗಳ ಜಾಗವನ್ನು ಗೊತ್ತು ಮಾಡಿದವರು ನಾವು, ದಾನಿಗಳ ಕಾರು ಹತ್ತಿರ ಹೋಗಿ ನಿಲ್ಲಬೇಕಾಗಿತ್ತು. ನೀರು ಯಾವ ಕಡೆಯಿಂದ ಇಳಿದು ಬರುತ್ತದೆ ಎಂಬುದನ್ನು ಆ ಹೊಲದವನಿಗೆ ಕೇಳಿರಲಿಲ್ಲ. ಒಳಗಿನ ಹೊಲಗಳಿಗೆ ನಾವು ಸರಿಯಾಗಿ ಹೋಗಲೇ ಇಲ್ಲ, ಹಾಗಾಗಿ ಜಾಗ ಅವರೇ ಆರಿಸಿಕೊಂಡಿದ್ದರು! ನಮ್ಮ ಅಲಕ್ಷ್ಯದಿಂದ ಉಳಿದ ಕೆಲಸ ನಮ್ಮ ಕಾಳಜಿಯಿಂದ ಉಳಿದ ಕೆಲಸಕ್ಕಿಂತ ಹೆಚ್ಚಾಗಿತ್ತು ಎಂದು ಒಪ್ಪಿಕೊಳ್ಳಲು ಬಹಳ ಕಷ್ಟವಾಯಿತು. ಅಂದಿನಿಂದ ನಮ್ಮಲ್ಲಿ ಒಂದು ಪದ್ಧತಿ. ಯೋಜನೆ ಮುಗಿದ ಮೂರನೆಯ ವರ್ಷ, ಆ ಯೋಜನೆಯಲ್ಲಿ ಕೆಲಸ ಮಾಡದ ಇಬ್ಬರು ಹೋಗಿ ನೋಡಿ ಬರುತ್ತಾರೆ. ಇದಕ್ಕೆ ಯಾರೂ ಹಣ ಕೊಡುವುದಿಲ್ಲ. ಬಸ್ ಚಾರ್ಜು ಮತ್ತು ಬುತ್ತಿ, ಅಷ್ಟೇ ಖರ್ಚು. ನೋಡಿ ಬಂದದ್ದನ್ನು ವಾರ್ಷಿಕ ಸಭೆಯಲ್ಲಿ ಓದುತ್ತಾರೆ, ಕೆಟ್ಟದ್ದನ್ನು ಮೊದಲು.

ಎಣಿಕೆಗೆ ಸಿಗದ ಪರಿಣಾಮವೂ ಇದೆ. ಹಾನಗಲ್ ತಾಲ್ಲೂಕಿನ ಕುಸನೂರಿನಲ್ಲಿ 1987ರ ನವೆಂಬರ್ 14ರಂದು ನಡೆದ ‘ಕಿತ್ತಿಕೋ-ಹಚ್ಚಿಕೋ’ ಸತ್ಯಾಗ್ರಹವನ್ನು ಹಿರಿಯರು ಬಲ್ಲರು. ಹಳ್ಳಿಗಳ ಗೋಮಾಳ, ಹುಲ್ಲುಗಾವಲುಗಳು ಸೇರಿದಂತೆ ಸುಮಾರು 30 ಸಾವಿರ ಹೆಕ್ಟೇರ್ ಭೂಮಿಯಲ್ಲಿ ನೀಲಗಿರಿ ಬೆಳೆಯಲು ಸರ್ಕಾರವೂ ಖಾಸಗಿ ಉದ್ಯಮವೂ ಸೇರಿ ಒಂದು ಕಂಪನಿ ಕಟ್ಟಿದ್ದವು. ಧಾರವಾಡದ ಸಮಾಜ ಪರಿವರ್ತನ ಸಮುದಾಯ ಅದನ್ನು ಎದುರಿಸಿತು. ಜನ ನೀಲಗಿರಿ ಸಸಿಗಳನ್ನು ಕಿತ್ತು, ಅದೇ ಕುಳಿಯಲ್ಲಿ ತಮಗೆ ಬೇಕಾದ ಮರಗಳ ಸಸಿ ಹಚ್ಚಿದರು. ಇನ್ನೊಂದೆಡೆ ಶಿವರಾಮ ಕಾರಂತರು ಅರ್ಜಿದಾರರಾಗಿ ನಿಂತು ವಿಷಯ ಸುಪ್ರೀಂ ಕೋರ್ಟಿಗೆ ಹೋಯಿತು. ಕೊನೆಗೆ ಆ ಕಂಪನಿಯೇ ಮುಚ್ಚಿತು. ಒಂದು ಸಂಸ್ಥೆ ಬೀದಿಯಲ್ಲಿಯೂ ನ್ಯಾಯಾಲಯದಲ್ಲಿಯೂ ಒಟ್ಟಿಗೆ ಹೋರಾಡಿದರೆ ಏನಾಗಬಹುದೆಂಬುದನ್ನು ಅಲ್ಲಿ ಕಲಿಯಬಹುದು. ನನ್ನನ್ನು ಹೆಚ್ಚು ತಟ್ಟುವುದು ಮಾತ್ರ ಆ ಹೆಸರು. ಕೀಳುವುದನ್ನಷ್ಟೇ ಹೇಳಿ ಬಿಡಲಿಲ್ಲ ಅವರು. ಏನನ್ನು ಹಚ್ಚಬೇಕೆಂದು ಜನರಿಗೆ ಗೊತ್ತಿತ್ತು, ಅದಕ್ಕೆ ಯಾವ ತರಬೇತಿಯೂ ಬೇಕಾಗಿರಲಿಲ್ಲ.

ಇತ್ತೀಚಿನದೊಂದನ್ನು ಸೇರಿಸುತ್ತೇನೆ. ಕುಂದಗೋಳ ತಾಲ್ಲೂಕಿನ ತೀರ್ಥ ಗ್ರಾಮದ ಬೀಬಿ ಫಾತಿಮಾ ಮಹಿಳಾ ಸ್ವಸಹಾಯ ಸಂಘಕ್ಕೆ 2025ರಲ್ಲಿ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ಈಕ್ವೇಟರ್ ಪ್ರಶಸ್ತಿ ಬಂತು. ಸಿರಿಧಾನ್ಯದ ಬೀಜ ಉಳಿಸುವುದು, ಧಾನ್ಯ ಸಂಸ್ಕರಿಸಿ ಮಾರುವುದು ಅವರ ಕೆಲಸ. ಅವರ ಹಿಂದೆ ನೆರವಾದ ಸಂಸ್ಥೆ ಇದೆ, ಇರಬೇಕಾದದ್ದೇ. ಪ್ರಶಸ್ತಿ ಪತ್ರದಲ್ಲಿ ಬಂದ ಹೆಸರು ಮಾತ್ರ ಆ ಹೆಣ್ಣುಮಕ್ಕಳ ಸಂಘದ್ದು. ಸುದ್ದಿ ಓದಿದ ದಿನ ನಾನು ನಮ್ಮ ಕಚೇರಿಯ ಗೋಡೆಯ ಮೇಲಿನ ಚೌಕಟ್ಟುಗಳನ್ನು ಲೆಕ್ಕ ಹಾಕಿದೆ. ಬಹುತೇಕ ಎಲ್ಲದರಲ್ಲಿಯೂ ನನ್ನ ಹೆಸರಿತ್ತು.

ಊಟಕ್ಕೆ ಮೊದಲು ಒಬ್ಬ ತಂಗಿ ಕೇಳಿದಳು: “ಎಲ್ಲ ಸರಿ ಸರ್, ನಮಗೆ ಸಂಬಳ ಎಂಟು ತಿಂಗಳಿಗೊಮ್ಮೆ ಹೆಚ್ಚಾಗುವುದಿಲ್ಲ, ಎಂಟು ವರ್ಷಕ್ಕೊಮ್ಮೆ ಆಗುತ್ತದೆ, ಮುಂದಿನ ಪೀಳಿಗೆ ಹೇಗೆ ನಿಲ್ಲುತ್ತದೆ?” ಸಭೆ ನಕ್ಕಿತು, ನಾನು ನಗಲಿಲ್ಲ. ಸೇವೆಯೆಂಬ ಪದವನ್ನು ಹಿಡಿದುಕೊಂಡು ಕಾರ್ಯಕರ್ತರ ಹೊಟ್ಟೆಗೆ ಹೊಡೆದ ಮುಖಂಡರಲ್ಲಿ ನಾನೂ ಒಬ್ಬ. ಮದುವೆಯಾಗುವ ವಯಸ್ಸಿನಲ್ಲಿ ನಮ್ಮ ಒಳ್ಳೆಯ ಹುಡುಗರು ಬಿಟ್ಟುಹೋಗುತ್ತಾರೆ, ಬಿಟ್ಟುಹೋಗದ ಹುಡುಗಿಯರನ್ನು ಮನೆಯವರು ಬಿಡಿಸುತ್ತಾರೆ, ಆಮೇಲೆ ಎರಡನೆಯ ಸಾಲಿನ ನಾಯಕತ್ವ ಇಲ್ಲವೆಂದು ನಾವು ವಿಚಾರ ಸಂಕಿರಣ ಮಾಡುತ್ತೇವೆ. ಭವಿಷ್ಯ ನಿಧಿ, ಹೆರಿಗೆ ರಜೆ, ವರ್ಷಕ್ಕೊಮ್ಮೆ ಲಿಖಿತವಾಗಿ ಸಂಬಳದ ಮರುವಿಚಾರ, ಇವನ್ನು ಯೋಜನೆಯ ಬಜೆಟ್ಟಿನಲ್ಲಿ ಮೊದಲ ಸಾಲಿಗೆ ಬರೆಯಿರಿ. ಕೊನೆಯ ಸಾಲಿನಲ್ಲಿ ಬರೆದದ್ದನ್ನೇ ದಾನಿಗಳು ಮೊದಲು ಹೊಡೆದುಹಾಕುವುದು.

ಇನ್ನು ನನ್ನ ಕೀಲಿಕೈಗಳ ಕಥೆ. ಕಾಮಾಲೆಯ ನಂತರ ಚೆಕ್ಕಿಗೆ ಎರಡನೆಯ ಸಹಿ ಬಂತು, ಮೂವರಲ್ಲಿ ಯಾರಾದರೂ ಇಬ್ಬರು ಎಂಬ ಠರಾವಾಯಿತು. ಅದು ಸುಲಭವಾಗಿತ್ತು. ನೇಮಕಾತಿಯನ್ನು ಬಿಟ್ಟುಕೊಡಲು ಐದು ವರ್ಷ ಬೇಕಾಯಿತು. ದಾನಿಗಳ ಪರಿಚಯವನ್ನು ಬಿಟ್ಟುಕೊಡಲು ಇನ್ನೂ ಹೆಚ್ಚು, ಏಕೆಂದರೆ ನನ್ನ ಬೆಲೆ ಇರುವುದು ಅಲ್ಲಿಯೇ ಎಂದು ಒಳಗೊಳಗೆ ಗೊತ್ತಿತ್ತು. ಕೊನೆಗೆ ನಮ್ಮಲ್ಲಿಯೇ ಬಾಲವಾಡಿ ಅಕ್ಕೋರಾಗಿ ಸೇರಿ, ಓದು ಮುಂದುವರಿಸಿ, ಲೆಕ್ಕವನ್ನೂ ಹಳ್ಳಿಗಳನ್ನೂ ಬಲ್ಲವಳಾದ ಒಬ್ಬ ಹೆಣ್ಣುಮಗಳು ಕಾರ್ಯದರ್ಶಿಯಾದಳು. ಮೊದಲ ವರ್ಷದಲ್ಲಿಯೇ ಅವಳು, ನಾನು ಹದಿನೆಂಟು ವರ್ಷದ ಹಿಂದೆ ಶುರುಮಾಡಿದ್ದ ಹೊಲಿಗೆ ಕೇಂದ್ರವನ್ನು ಮುಚ್ಚಿದಳು. ಕಲಿತವರಿಗೆ ಹೊಲಿಗೆಯಿಂದ ದುಡಿಮೆ ಹುಟ್ಟುತ್ತಿಲ್ಲವೆಂದು ಮೂರನೆಯ ವರ್ಷದ ತಪಾಸಣೆಯ ವರದಿ ಹೇಳಿತ್ತು. ಆ ಪದ್ಧತಿಯನ್ನು ತಂದವನು ನಾನೇ ಆದದ್ದರಿಂದ ಬಾಯಿ ಬಿಡುವಂತಿರಲಿಲ್ಲ. ಯಂತ್ರಗಳನ್ನು ಏನು ಮಾಡಬೇಕೆಂದು ನನ್ನನ್ನು ಕೇಳುತ್ತಾಳೆಂದು ಒಂದು ವಾರ ಫೋನಿನ ಹತ್ತಿರ ಕುಳಿತಿದ್ದೆ. ಕೇಳಲಿಲ್ಲ. ಅವನ್ನು ಹಳ್ಳಿಯ ಗುಂಪುಗಳಿಗೆ ಹರಾಜಿನಲ್ಲಿ ಕೊಟ್ಟಳು.

ಕಳೆದ ವಾರ್ಷಿಕ ಸಭೆಗೆ ಹೋಗಿದ್ದೆ. ಹಿಂದಿನ ಬೆಂಚಿನಲ್ಲಿ ಕುಳಿತೆ. ಕೆಟ್ಟದ್ದನ್ನು ಮೊದಲು ಓದಿದರು, ನನ್ನ ಕಾಲದ ಎರಡು ಕೆಲಸಗಳು ಅದರಲ್ಲಿದ್ದವು. ಸಭೆ ಮುಗಿದ ಮೇಲೆ ಠರಾವು ಪುಸ್ತಕ ಸಹಿಗಾಗಿ ಕೈಯಿಂದ ಕೈಗೆ ಬಂತು. ಇಪ್ಪತ್ತಾರು ವರ್ಷ ಮೊದಲ ಸಾಲಿನಲ್ಲಿ ಸಹಿ ಮಾಡಿದ ಅಭ್ಯಾಸದಿಂದ ಪೆನ್ನು ಮೇಲಕ್ಕೇ ಹೋಯಿತು. ಪಕ್ಕದಲ್ಲಿದ್ದ ಹುಡುಗ ಪುಟದ ಕೆಳಗಡೆ ಬೆರಳಿಟ್ಟು, “ಇಲ್ಲಿ ಸರ್, ಆಹ್ವಾನಿತರು ಇಲ್ಲಿ” ಎಂದ. ಅಲ್ಲಿ ಸಹಿ ಮಾಡಿದೆ.